ಅಟ್ಟದ ಮೇಲಿನ ಮೂರು ಪೆಟ್ಟಿಗೆ

ಮೇ ೩೧, ಶುಕ್ರವಾರ

"ನನ್ನ ತಲೆ ತಿನ್ನೋ ಬದಲು ಇದರಲ್ಲಿ ಗೀಚ್ಕೊಳ್ಳಿ" ಅಂತ ಹೆಂಡತಿ ಈ ನೋಟ್‌ಬುಕ್ಕನ್ನು ನನ್ನ ತೊಡೆ ಮೇಲೆ ಎಸೆದು ಒಳಗೆ ಹೋದಳು. ಸಂಜೆಯಿಂದ ಒಂದೇ ವಿಷಯ ಹೇಳ್ತಿದ್ದೆನಂತೆ. ಹೇಳದೆ ಹೇಗಿರಲಿ? ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ರಜೆ ಹಾಕದವನಿಗೆ ಇವತ್ತು ಎರಡು ವಾರ ಕಡ್ಡಾಯ ರಜೆ!

ಪುಸ್ತಕವೇ, ನಿನಗೆ ನನ್ನ ಪರಿಚಯ ಇಲ್ಲ, ಪಾಪ. ಊರ ಶಾಲೆಯಲ್ಲಿ ಏಳನೇ ಕ್ಲಾಸು. ಆಮೇಲೆ ಓದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತಿದ್ದೆನೋ, ಮೇಷ್ಟ್ರೇ ಹೆದರಿ ಅಷ್ಟಕ್ಕೆ ನಿಲ್ಲಿಸಿದರು. ಈಗ ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಸ್ಟೋರ್ ನನ್ನ ಕೈಲಿ. ಬೇರಿಂಗು, ಬೆಲ್ಟು, ಸ್ಕ್ರೂ, ಎಣ್ಣೆ ಏನು ಬೇಕಾದರೂ ನನ್ನನ್ನೇ ಕೇಳಬೇಕು. ಆಫೀಸಿನಲ್ಲಿ ಟೈಪ್ ಮಾಡುವ ನಮ್ಮ ಅಕ್ಕನ ಮಗಳು ನನ್ನನ್ನು ಮಾವ ಅಂತ ಕರೆದಳು, ಅವಳನ್ನು ನೋಡಿ ಇಡೀ ಕಾರ್ಖಾನೆ ಮಾವ ಅಂತು. ನೂರಾ ಎಂಬತ್ತು ಜನಕ್ಕೆ ಮಾವ ಆದವನು ಈ ಭೂಮಿ ಮೇಲೆ ಇನ್ನೊಬ್ಬನಿದ್ದರೆ ಕರೆದುಕೊಂಡು ಬಾ.

ನಮ್ಮ ಯಜಮಾನರು ದೊಡ್ಡ ಮನೆತನದವರು. ಅವರ ಮನೆಯಲ್ಲಿ ಬೀಗದ ಕೈ ಒಬ್ಬರ ಸೊಂಟಕ್ಕೆ ಹೋಯಿತು ಅಂದರೆ ಮುಗಿಯಿತು, ಒಳಗೆ ಏನಿದೆ ಅಂತ ಕೇಳುವುದೇ ಅವಮಾನ. ಕಾರ್ಖಾನೆಯನ್ನೂ ಹಾಗೇ ನಡೆಸಿದರು. ಈಗ ವಯಸ್ಸಾಯಿತು ಅಂತ ಸಮುದ್ರದ ಆಚೆಯಿಂದ ಒಬ್ಬನನ್ನು ತಂದು ಮೇಲೆ ಕೂರಿಸಿದ್ದಾರೆ. ಅವನ ಅಪ್ಪ ದೋಣಿ ನಡೆಸುತ್ತಿದ್ದನಂತೆ. ನಾನು ಇಟ್ಟ ಹೆಸರು ಹಡಗಪ್ಪ. ನಮ್ಮ ಮಾತು ಕಲಿತಿದ್ದಾನೆ, ಆದರೆ ಎಲ್ಲರಿಗೂ "ನೀವು". ಬಾಗಿಲಲ್ಲಿ ಮಲಗುವ ಬೆಕ್ಕಿಗೂ "ನೀವು ಸ್ವಲ್ಪ ಏಳ್ತೀರಾ" ಅಂತಾನೆ.

ಈ ಹಡಗಪ್ಪ ಹೊಸ ನಿಯಮ ತಂದ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರೆಲ್ಲ ವರ್ಷಕ್ಕೊಮ್ಮೆ ಎರಡು ವಾರ ಬಿಡದೆ ರಜೆ ಹೋಗಬೇಕು, ಆಗ ಅವರ ಕೆಲಸ ಬೇರೆಯವರು ಮಾಡಬೇಕು.

"ನನ್ನ ಮೇಲೆ ಅನುಮಾನನಾ?" ಅಂತ ಮುಖದ ಮೇಲೇ ಕೇಳಿದೆ.

"ಅನುಮಾನ ಇದ್ದಿದ್ರೆ ರಜೆ ಯಾಕೆ ಕೊಡ್ಲಿ? ನಮ್ಮ ಊರಲ್ಲಿ ನಾಲ್ಕು ಗಂಟೆಗೊಮ್ಮೆ ಚುಕ್ಕಾಣಿ ಬಿಟ್ಟುಕೊಡಬೇಕು. ಚೆನ್ನಾಗಿ ನಡೆಸ್ತಿದೀನಿ, ಬಿಡಲ್ಲ ಅಂದವನಿಗೆ ನಿದ್ದೆ ಸಾಲದು ಅಂತ ಕೆಳಗಿಳಿಸ್ತಾರೆ. ಹೋದ ತಿಂಗಳು ನಾನೇ ಮೊದಲು ಹೋಗಿ ಬಂದೆನಲ್ಲ."

ಹೋಗಿ ಬಂದದ್ದು ನಿಜ. ಅವನಿಲ್ಲದ್ದು ಯಾರಿಗೂ ಗೊತ್ತಾಗಲಿಲ್ಲ. ನಾನು ಹೋದರೆ ಗೊತ್ತಾಗುತ್ತದೆ.

ಜೂನ್ ೧, ಶನಿವಾರ

ಇವತ್ತು ವಹಿಸಿಕೊಡುವ ಶಾಸ್ತ್ರ. ಅದೂ ದೋಣಿಯವರ ಪದ್ಧತಿಯಂತೆ: ನಾನು ಬಾಯಿ ಬಿಟ್ಟು ಹೇಳಬೇಕು, ವಹಿಸಿಕೊಳ್ಳುವವರು ಅದನ್ನೇ ತಿರುಗಿ ಹೇಳಬೇಕು. ನನ್ನ ಜಾಗಕ್ಕೆ ಪ್ಯಾಕಿಂಗ್ ವಿಭಾಗದ ಮೌನಗೌರಿಯನ್ನು ಹಾಕಿದ್ದಾರೆ. ಹತ್ತು ವರ್ಷದಲ್ಲಿ ಅವಳು ಹತ್ತು ಮಾತಾಡಿದ್ದನ್ನು ನಾನು ಕೇಳಿಲ್ಲ. ಇವತ್ತು ನಾಲ್ಕು ಗಂಟೆ ಮಾತಾಡಿದಳು, ಎಲ್ಲಾ ನನ್ನ ಮಾತೇ.

"ಒಂದನೇ ಸಾಲು, ಬೇರಿಂಗು ದೊಡ್ಡದು, ಇಪ್ಪತ್ತೆರಡು."

"ಒಂದನೇ ಸಾಲು, ಬೇರಿಂಗು ದೊಡ್ಡದು, ಇಪ್ಪತ್ತೆರಡು."

ಬೇಕಂತಲೇ ಒಂದು ಸಲ ಕೆಮ್ಮಿದೆ. ಕೆಮ್ಮನ್ನು ಮಾತ್ರ ತಿರುಗಿ ಹೇಳಲಿಲ್ಲ.

ಕೊನೆಗೆ ತಲೆ ಎತ್ತಿ ನೋಡಿ, "ಅಟ್ಟದ ಮೇಲೆ?" ಅಂದಳು.

"ಹರಿದ ಟಾರ್ಪಾಲು. ಇಲಿ."

"ಹರಿದ ಟಾರ್ಪಾಲು. ಇಲಿ." ಬರೆದುಕೊಂಡಳು.

ಪುಸ್ತಕವೇ, ಈಗ ನಿನ್ನೊಬ್ಬನಿಗೇ ಹೇಳುತ್ತೇನೆ, ಬಾಯಿ ಬಿಟ್ಟೀಯ. ಆ ಟಾರ್ಪಾಲಿನ ಹಿಂದೆ ಮೂರು ತಗಡಿನ ಪೆಟ್ಟಿಗೆ ಇವೆ. ಹತ್ತು ಸಾಮಾನು ಬಂದರೆ ರಿಜಿಸ್ಟರಿಗೆ ಒಂಬತ್ತು, ಪೆಟ್ಟಿಗೆಗೆ ಒಂದು. ಗುಜರಿಗೆ ಅಂತ ಬಂದದ್ದರಲ್ಲಿ ಜೀವ ಇರುವುದನ್ನೂ ಆರಿಸಿ ಮೇಲೆ ಕಳಿಸಿದ್ದೇನೆ. ಒಂದು ಸ್ಕ್ರೂ ಮನೆಗೆ ತಂದಿಲ್ಲ, ಆಣೆ. ಯಾವುದೋ ಯಂತ್ರ ಕೈಕೊಡುತ್ತದೆ, ಸ್ಟೋರಿನಲ್ಲಿ ಸಾಮಾನಿಲ್ಲ, ಎಲ್ಲರ ಮುಖ ಬಿಳಿಚುತ್ತದೆ. ಆಗ ನಾನು ಮೀಸೆ ಮೇಲೆ ಕೈಯಾಡಿಸಿ, "ನೋಡೋಣ ತಡಿ" ಅಂತ ಒಳಗೆ ಹೋಗಿ ಅರ್ಧ ಗಂಟೆ ಕೂತು, ಬೆವರು ಒರೆಸಿಕೊಂಡು ಸಾಮಾನು ಹಿಡಿದು ಬರುತ್ತೇನೆ. "ಮಾವನ ಕೈಯಲ್ಲಿ ಜಾದೂ ಇದೆ" ಅಂತಾರೆ. ಜಾದೂ ಅಲ್ಲದೆ ಇನ್ನೇನು?

"ಇಷ್ಟೇನಾ?" ಅಂತ ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತಿದ್ದ ಹಡಗಪ್ಪ ಕೇಳಿದ.

"ಇಷ್ಟೇ."

ಬೀಗದ ಕೈ ಕೊಟ್ಟಮೇಲೆ ಪ್ಯಾಂಟು ಸಡಿಲವಾದ ಹಾಗಾಯಿತು.

ಜೂನ್ ೩, ಸೋಮವಾರ

ರಜೆಯ ಮೊದಲ ದಿನ. ಅಡುಗೆಮನೆಯ ಕಪಾಟಿನ ಅವಸ್ಥೆ ನೋಡಲಾರದೆ ಡಬ್ಬಗಳನ್ನು ಗಾತ್ರದ ಪ್ರಕಾರ ಜೋಡಿಸಿದೆ. ಮಾರ್ಕೆಟ್ಟಿನಿಂದ ಬಂದ ಹೆಂಡತಿ ಸೌಟು ಹಿಡಿದು ನಿಂತಳು.

"ಉಪ್ಪು ಎಲ್ರೀ?"

"ಮಧ್ಯದ ಗಾತ್ರ. ಎರಡನೇ ಸಾಲು."

"ಸಾಲೂ ಇಲ್ಲ ಗೀಲೂ ಇಲ್ಲ. ನಿಮ್ಮ ಸ್ಟೋರಿಗೆ ಬೇರೆಯವರು ಕೈ ಹಾಕಿದ್ದಕ್ಕೆ ಮೂರು ದಿನದಿಂದ ಗೋಳಾಡ್ತಿದೀರ. ಇದು ನನ್ನ ಸ್ಟೋರು."

"ಹಾಗಾದ್ರೆ ನೀನೂ ರಜೆ ತಗೋ" ಅಂದೆ, ತಮಾಷೆಗೆ.

"ಮೂವತ್ತು ವರ್ಷಕ್ಕೆ ಈಗ ಬಂತಾ ಈ ಮಾತು?" ಅಂದಳು. ಅವಳು ತಮಾಷೆಗೆ ಅಂದಂತೆ ಕಾಣಲಿಲ್ಲ.

ಜೂನ್ ೫, ಬುಧವಾರ

ಎರಡು ದಿನದಿಂದ ಅಟ್ಟದ್ದೇ ಯೋಚನೆ. ಮೌನಗೌರಿ ಸುಮ್ಮನಿರುವ ಹೆಂಗಸು, ಸುಮ್ಮನಿರುವವರೇ ಅಟ್ಟ ಹತ್ತುವುದು. ಪೆಟ್ಟಿಗೆ ಸಿಕ್ಕಿದರೆ ನನ್ನನ್ನು ಏನಂತಾರೆ? ಇಪ್ಪತ್ತಾರು ವರ್ಷದ ಮಾವ ಒಂದು ಗಂಟೆಯಲ್ಲಿ ಕಳ್ಳ.

ಪೆಟ್ಟಿಗೆಗಳನ್ನು ಹೇಗಾದರೂ ಈಚೆಗೆ ಸಾಗಿಸೋಣ ಅಂತ ಗೇಟಿಗೆ ಹೋದೆ. ಕಾವಲುಗಾರ ಒಳ್ಳೆಯವನು, ಅವನನ್ನು ಕೆಲಸಕ್ಕೆ ಸೇರಿಸಿದ್ದೇ ನಾನು.

"ಕನ್ನಡಕ ಮರೆತಿದೀನಪ್ಪ, ಎರಡು ನಿಮಿಷ."

"ಮೂಗಿನ ಮೇಲಿದೆ ಮಾವ."

"ಇದು ಓದೋದು. ಅದು ದೂರದ್ದು."

"ರಜೆಯಲ್ಲಿ ಇರೋರನ್ನ ಒಳಗೆ ಬಿಡಬಾರದು ಅಂತ ಬರೆದು ಹಾಕಿದ್ದಾರೆ. ನಿಮ್ಮ ಹೆಸರೇ ಮೊದಲನೇದು."

"ನಾನು ಯಾರು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು ಮಾವ. ಗೊತ್ತಿರೋರನ್ನೇ ಬಿಡಬೇಡ ಅಂದಿದ್ದಾರೆ, ಗೊತ್ತಿಲ್ಲದೋರನ್ನ ನಾನು ಹೇಗಿದ್ರೂ ಬಿಡಲ್ಲ."

ಇಷ್ಟು ಬುದ್ಧಿವಂತ ಅಂತ ಗೊತ್ತಿದ್ದರೆ ಅವತ್ತೇ ಸೇರಿಸುತ್ತಿರಲಿಲ್ಲ.

ಜೂನ್ ೬, ಗುರುವಾರ

ಹತ್ತೋಣ ಅಂತ ಕಾರ್ಖಾನೆಯ ಹಿಂದಿನ ಗೋಡೆ ನೋಡಿದೆ. ಗೋಡೆಯೂ ನನ್ನನ್ನು ನೋಡಿತು.

ಜೂನ್ ೮, ಶನಿವಾರ

ಯಜಮಾನರ ಮನೆಗೆ ದೂರು ಹೇಳಲು ಹೋಗಿದ್ದೆ. ವರಾಂಡದಲ್ಲಿ ಕಾಲು ಚಾಚಿ ಕೂತಿದ್ದರು. ಹಡಗಪ್ಪನ ಮೇಲೆ ಇದ್ದದ್ದು ಇಲ್ಲದ್ದು ಎಲ್ಲ ಸೇರಿಸಿ ಹೇಳಿದೆ. ನಿಮ್ಮ ಕಾಲದಲ್ಲಿ ನಂಬಿಕೆ ಅನ್ನೋದಿತ್ತು, ಇವನ ಕಾಲದಲ್ಲಿ ಬರೀ ತಿರುಗಿ ಹೇಳೋದು, ಸಹಿ ಹಾಕೋದು. ಹೀಗೇ ಆದರೆ ನಾಳೆ ಕೆಮ್ಮಿಗೂ ಇಬ್ಬರು ಸಹಿ ಹಾಕಬೇಕು ಅಂದೆ. ನಗಲಿಲ್ಲ.

"ಏನಯ್ಯಾ, ಇಪ್ಪತ್ತಾರು ವರ್ಷ ನಿನ್ನನ್ನ ಒಂದು ಪ್ರಶ್ನೆ ಕೇಳಿದ್ದೀನಾ?"

"ಇಲ್ಲ ಯಜಮಾನ್ರೇ. ಅದೇ ನಂಬಿಕೆ ಅನ್ನೋದು."

"ಅರ್ಧ ನಂಬಿಕೆ. ಇನ್ನರ್ಧ ಸಂಕೋಚ. ಎಷ್ಟೋ ಸಲ ಸ್ಟೋರಿನ ಬಾಗಿಲವರೆಗೂ ಬಂದು ವಾಪಸ್ ಹೋಗಿದ್ದೀನಿ. ಒಳಗೆ ಏನಿದೆ ತೋರಿಸು ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ. ನಮ್ಮಪ್ಪನೂ ಹಾಗೇ ಇದ್ದ. ನಮ್ಮ ಮನೆಯಲ್ಲಿ ಕೇಳೋದು ಯಾರಿಗೂ ಬರಲ್ಲ."

"ಒಳಗೆ ಬಂದಿದ್ರೆ ನಾನೇ ತೋರಿಸ್ತಿದ್ದೆ!"

"ತೋರಿಸ್ತಿದ್ಯಾ?"

ಯಾಕೋ ಆ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಟೀ ಬಂತು. ಟೀ ಒಳ್ಳೇದಿತ್ತು.

ಜೂನ್ ೧೧, ಮಂಗಳವಾರ

ಹಾ! ನಾಲ್ಕನೇ ಯಂತ್ರ ನಿಂತಿದೆ!

ಸಂಜೆ ಅಕ್ಕನ ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಬೆಳಗ್ಗೆ ಬೆಲ್ಟು ತುಂಡಾಯಿತಂತೆ. ಸ್ಟೋರಿನಲ್ಲಿ ಆ ಬೆಲ್ಟು ಇಲ್ಲ. ಅದನ್ನು ಮಾಡುವವರು ಹತ್ತು ದಿನ ಆಗುತ್ತೆ ಅಂದರಂತೆ.

"ಫಿಟ್ಟರ್ ಅಣ್ಣ ಅಳೋದೊಂದು ಬಾಕಿ. ಮಾವ, ನೀವ್ಯಾಕೆ ಇಷ್ಟು ಖುಷಿಯಾಗಿದೀರ?"

"ಖುಷಿನಾ? ನನಗಾ? ಸಂಕಟ ಕಣೆ."

"ಸಂಕಟದಲ್ಲಿ ಯಾರಾದ್ರೂ ಸಿಳ್ಳೆ ಹಾಕ್ತಾರಾ?"

ಬೆಲ್ಟು ಮೊದಲನೇ ಪೆಟ್ಟಿಗೆಯಲ್ಲಿದೆ, ಕಾಗದ ಸುತ್ತಿ ಇಟ್ಟಿದ್ದೇನೆ. ಫೋನು ಮಾಡೇ ಮಾಡುತ್ತಾರೆ. ಹಡಗಪ್ಪನೇ ಮಾಡಬೇಕು. "ನೀವು ದಯವಿಟ್ಟು ಬರ್ತೀರಾ" ಅನ್ನಬೇಕು. ಒಂದು ಸಲ ಆಗಲ್ಲ ಅನ್ನುತ್ತೇನೆ. ಎರಡನೇ ಸಲ ಹೋಗುತ್ತೇನೆ. ಇಸ್ತ್ರಿ ಮಾಡಿದ ಅಂಗಿ ತೆಗೆದು ಇಟ್ಟಿದ್ದೇನೆ.

ಜೂನ್ ೧೨, ಬುಧವಾರ

ಫೋನು ಬರಲಿಲ್ಲ. ರಜೆಯಲ್ಲಿ ಇರುವವರಿಗೆ ಫೋನು ಮಾಡಬಾರದು ಅನ್ನುವುದೂ ನಿಯಮವಂತೆ. ಎಂಥ ಹಟ!

ಹತ್ತು ಗಂಟೆಗೆ ಹಿತ್ತಲಿಗೆ ಹೋದರೆ ಪಕ್ಕದ ಮನೆಯಾಕೆ ಬಟ್ಟೆ ಒಗೆಯುತ್ತಿದ್ದಳು. ಅವಳು ನಾಲ್ಕನೇ ಯಂತ್ರದ ಪ್ಯಾಕಿಂಗಿನವಳು. ಅಷ್ಟು ಹೊತ್ತಿಗೆ ಅವಳು ಮನೆಯಲ್ಲಿದ್ದದ್ದನ್ನು ನಾನು ನೋಡಿಲ್ಲ.

"ಹನ್ನೆರಡು ಜನಕ್ಕೂ ಮನೆಗೆ ಹೋಗಿ ಅಂದ್ರು ಮಾವ. ಬೆಲ್ಟು ಬರೋವರೆಗೂ ಕೆಲಸ ಇಲ್ಲ. ಅಷ್ಟರಲ್ಲಿ ಜ್ಯೂಸಿನವರು ಆರ್ಡರನ್ನ ಬೇರೆ ಕಡೆ ಕೊಟ್ರೆ ನಮ್ಮನ್ನ ಮತ್ತೆ ಕರೀತಾರೋ ಇಲ್ವೋ." ಬಟ್ಟೆ ಹಿಂಡಿದಳು. "ನೀವಿದ್ದಿದ್ರೆ ಹೀಗಾಗ್ತಿರಲಿಲ್ಲ ಬಿಡಿ."

ಈ ಮಾತು ಕೇಳಬೇಕು ಅಂತಲೇ ಹತ್ತು ದಿನದಿಂದ ಕಾದಿದ್ದೆ. ಕೇಳಿದಾಗ ಊಟದಲ್ಲಿ ಕಲ್ಲು ಸಿಕ್ಕಿದ ಹಾಗಾಯಿತು.

ಮಧ್ಯಾಹ್ನ ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ಬೈಯಲಿಲ್ಲ, ಅದೇ ಹೆದರಿಕೆ.

"ಕದ್ದಿದ್ದೀರಾ?"

"ಥೂ! ಒಂದು ಸ್ಕ್ರೂ ಮನೆಗೆ ತಂದಿದ್ರೆ ಹೇಳು."

"ಮತ್ತೆ ಬಚ್ಚಿಟ್ಟಿದ್ದು ಯಾಕೆ?"

"ಕಾರ್ಖಾನೆಯ ಆಪತ್ತಿಗೆ."

"ಆಪತ್ತು ಈಗ ಬಂದಿದೆಯಲ್ಲ?"

"ಈಗ ಹೇಳಿದ್ರೆ ನಾನು ಕಳ್ಳ ಆಗ್ತೀನಿ ಕಣೆ. ರಜೆ ಮುಗಿಯೋವರೆಗೂ ಸುಮ್ಮನಿದ್ದು ಹೋದ್ರೆ..."

"ಹೊಗಳಿಸ್ಕೊಳ್ಳಬಹುದು" ಅಂದಳು. ತಟ್ಟೆ ಎತ್ತಿಕೊಂಡು ಹೋದಳು. ನಾನು ಇನ್ನೂ ತಿನ್ನುತ್ತಿದ್ದೆ.

ಜೂನ್ ೧೩, ಗುರುವಾರ

ಬೆಳಗ್ಗೆ ಎಂಟಕ್ಕೇ ಗೇಟಿಗೆ ಹೋದೆ. ಹಳೇ ಅಂಗಿಯಲ್ಲೇ ಹೋದೆ.

"ಬಿಡಲ್ಲ ಮಾವ" ಅಂದ ಕಾವಲುಗಾರ.

"ಬಿಡಬೇಡ. ಸ್ಟೋರಿನ ಆಯಮ್ಮನ್ನ ಇಲ್ಲಿಗೇ ಕರಿ. ವಹಿಸಿಕೊಡೋದು ಸ್ವಲ್ಪ ಬಾಕಿ ಇದೆ."

ಗೇಟಿನ ಸಣ್ಣ ಕಿಂಡಿಯ ಆ ಕಡೆ ಮೌನಗೌರಿ ಪುಸ್ತಕ ಹಿಡಿದು ಬಂದು ನಿಂತಳು. ಹಿಂದೆ ಫಿಟ್ಟರು, ಅವನ ಹಿಂದೆ ಹಡಗಪ್ಪನವರು. ಈ ಕಡೆ ರಸ್ತೆಯಲ್ಲಿ ನಾನು. ಸೈಕಲ್ಲಿನವನೊಬ್ಬ ಕಾಲೂರಿ ನಿಂತ.

ಕಿಂಡಿಗೆ ಮುಖ ಕೊಟ್ಟು ಶುರು ಮಾಡಿದೆ.

"ಅಟ್ಟ. ಟಾರ್ಪಾಲಿನ ಹಿಂದೆ. ತಗಡಿನ ಪೆಟ್ಟಿಗೆ, ಮೂರು. ರಿಜಿಸ್ಟರಿನಲ್ಲಿ ಇಲ್ಲದ್ದು. ಬಚ್ಚಿಟ್ಟವನು ನಾನು."

ಫಿಟ್ಟರಿನ ಬಾಯಿ ತೆರೆದುಕೊಂಡಿತು. ಆಯಮ್ಮ ಮಾತ್ರ ಬೇರಿಂಗು ಲೆಕ್ಕ ಹೇಳುವ ಅದೇ ದನಿಯಲ್ಲಿ, "ಅಟ್ಟ. ಟಾರ್ಪಾಲಿನ ಹಿಂದೆ. ತಗಡಿನ ಪೆಟ್ಟಿಗೆ, ಮೂರು. ರಿಜಿಸ್ಟರಿನಲ್ಲಿ ಇಲ್ಲದ್ದು. ಬಚ್ಚಿಟ್ಟವರು ನೀವು" ಅಂದಳು. ಬರೆದುಕೊಂಡಳು. ಆಮೇಲೆ, "ಇಲಿ ಅಂತ ಬರೆದಿದ್ದನ್ನ ಹೊಡೆದು ಹಾಕ್ಲಾ?" ಅಂತ ಕೇಳಿದಳು.

"ಇಲಿ ನಿಜ. ಇರಲಿ."

ಮೂವತ್ತೆಂಟು ಸಾಮಾನು, ಒಂದೂ ಬಿಡದೆ ಬಾಯಲ್ಲೇ ಹೇಳಿದೆ. ಇಂಥ ನೆನಪಿನ ಶಕ್ತಿ ಯಾರಿಗಿದೆ ಹೇಳಿ! ಆದರೆ ಯಾರೂ ಭೇಷ್ ಅನ್ನಲಿಲ್ಲ. ಆಯಮ್ಮ ಒಂದೊಂದನ್ನೂ ತಿರುಗಿ ಹೇಳಿದಳು. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಜಾದೂ ಅನ್ನಿಸುವುದೇ ಇಲ್ಲ, ಬರೀ ಬೇರಿಂಗು, ಬರೀ ಪುಲ್ಲಿ.

ಫಿಟ್ಟರು ಓಡಿಹೋಗಿ ಬೆಲ್ಟು ತಂದ. ಕಾಗದ ಬಿಚ್ಚಿ ಬಗ್ಗಿಸಿದ. ಪಟ್ ಅಂತು. ಎಂಟು ವರ್ಷ ಅಟ್ಟದ ಬಿಸಿಗೆ ರಬ್ಬರು ಒಣಗಿ ಸಿಪ್ಪೆಯಾಗಿತ್ತು. ಇದಕ್ಕೋಸ್ಕರ ನಾನು ಕಳ್ಳನಾದೆನಾ? ಇಂಗು ತಿಂದ ಮಂಗನ ಹಾಗೆ ನಿಂತೆ. ಸೈಕಲ್ಲಿನವನು ಕೂಡ ಅಯ್ಯೋ ಅಂದ.

ಆಯಮ್ಮ ಪುಸ್ತಕದ ಮೇಲೆ ಬೆರಳಿಟ್ಟು, "ಎರಡನೇ ಪೆಟ್ಟಿಗೆಯಲ್ಲಿ ಸಣ್ಣ ಪುಲ್ಲಿ ಎರಡು ಅಂದ್ರಲ್ಲ. ಅದನ್ನ ಹಾಕಿದ್ರೆ ಎರಡನೇ ಯಂತ್ರದ ಬೆಲ್ಟು ಇದಕ್ಕೆ ಕೂರಲ್ವಾ? ಆ ಬೆಲ್ಟು ಸ್ಟೋರಿನಲ್ಲಿ ಐದಿದೆ" ಅಂದಳು. ಇಷ್ಟುದ್ದದ ಅವಳ ಸ್ವಂತ ಮಾತು ನಾನು ಕೇಳಿದ್ದು ಇದೇ ಮೊದಲು.

ಫಿಟ್ಟರು ನನ್ನನ್ನು ನೋಡಿದ, ನಾನು ಫಿಟ್ಟರನ್ನು ನೋಡಿದೆ.

"ಕೂರುತ್ತೆ" ಅಂದೆ. "ವೇಗ ಸ್ವಲ್ಪ ಕಮ್ಮಿ ಆಗುತ್ತೆ. ಆದ್ರೆ ಓಡುತ್ತೆ."

ಇದು ನನಗೂ ಹೊಳೆದಿತ್ತು, ಅವಳು ಮೊದಲು ಹೇಳಿಬಿಟ್ಟಳು ಅಷ್ಟೆ. (ಹೊಳೆದಿರಲಿಲ್ಲ. ಪುಲ್ಲಿ ಅಟ್ಟದಲ್ಲಿ, ಬೆಲ್ಟು ಕೆಳಗೆ, ಎಂಟು ವರ್ಷ ಎರಡರ ಮಧ್ಯೆ ಓಡಾಡಿದ್ದೇನೆ.)

ಹಡಗಪ್ಪನವರು ಕಿಂಡಿಗೆ ಬಗ್ಗಿ, "ಇಷ್ಟೇನಾ?" ಅಂದರು.

"ಇಷ್ಟೇ."

"ಸರಿ. ಇನ್ನು ನಾಲ್ಕು ದಿನ ರಜೆ ಇದೆ. ಹೋಗಿ."

ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೧೪, ಶುಕ್ರವಾರ

ಪಕ್ಕದ ಮನೆಯ ಹಿತ್ತಲಲ್ಲಿ ಯಾರೂ ಇಲ್ಲ. ಬಕೆಟ್ಟು ಬೋರಲಾಗಿದೆ. ಏಳೂವರೆಗೇ ಕೆಲಸಕ್ಕೆ ಹೋದಳಂತೆ.

ಜೂನ್ ೧೬, ಭಾನುವಾರ

ಹೆಂಡತಿ ತನ್ನ ತಂಗಿಯ ಮನೆಗೆ ಹೊರಟಿದ್ದಾಳೆ, ಎರಡು ವಾರ. ಅಡುಗೆಮನೆ ವಹಿಸಿಕೊಟ್ಟಳು. ಉಪ್ಪು ಇಲ್ಲಿ, ಸಕ್ಕರೆ ಇಲ್ಲಿ ಅಂತ ಅವಳು ಹೇಳಿದ್ದನ್ನೆಲ್ಲ ನಾನು ತಿರುಗಿ ಹೇಳಿದೆ. ಒಂದು ಗಂಟೆ ಹಿಡಿಯಿತು. ಒಂದು ಮನೆಯಲ್ಲಿ ಇಷ್ಟು ಸಾಮಾನಿರುತ್ತದೆ ಅಂತ ಯಾರಾದರೂ ನನಗೆ ಮೊದಲೇ ಹೇಳಬಾರದಿತ್ತಾ?

ನಾಳೆ ಕೆಲಸಕ್ಕೆ ಹೋಗಬೇಕು. ಕೆಲಸ ಇದ್ದರೆ.

ಜೂನ್ ೧೭, ಸೋಮವಾರ

ಬೆಳಗ್ಗೆ ಒಂಬತ್ತಕ್ಕೆ ಹಡಗಪ್ಪನವರು ಕೋಣೆಗೆ ಕರೆದು ಎಚ್ಚರಿಕೆ ಪತ್ರ ಕೊಟ್ಟರು. ಕೆಳಗೆ ಎರಡು ಸಹಿ, ಒಂದು ಅವರದ್ದು, ಒಂದು ಯಜಮಾನರದ್ದು. ಮತ್ತೆ ಹೀಗಾದರೆ ಕೆಲಸವಿಲ್ಲ ಅಂತ ಬರೆದಿದೆ. ಮೂರು ಸಲ ಓದಿದೆ, ಮೂರು ಸಲವೂ ಹಾಗೇ ಬರೆದಿತ್ತು.

ಮಧ್ಯಾಹ್ನ ಮೂರಕ್ಕೆ ಅದೇ ಕೋಣೆಗೆ ಕರೆದರು. ಕೆಲಸ ಹೋಯಿತು ಅಂತಲೇ ಹೋದೆ. ಟೀ ಕೊಟ್ಟರು. ಅವರೇ ಬಗ್ಗಿಸಿ ಕೊಟ್ಟರು.

"ಇದು ಯಾಕೆ ಸಾರ್?"

"ಬೆಳಗಿನದ್ದು ಬಚ್ಚಿಟ್ಟಿದ್ದಕ್ಕೆ. ಇದು ನೀವೇ ಬಂದು ಹೇಳಿದ್ದಕ್ಕೆ. ನಮ್ಮ ಕಡೆ ಒಂದರಲ್ಲಿ ಇನ್ನೊಂದನ್ನ ಕಳೆಯಲ್ಲ, ಎರಡನ್ನೂ ಕೊಡ್ತೀವಿ."

ನಮ್ಮ ಕಡೆಯಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಸಾಯುವವರೆಗೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಯಾವುದು ಒಳ್ಳೆಯದು ಅಂತ ಯೋಚಿಸುವಷ್ಟರಲ್ಲಿ ಎರಡನೇ ಲೋಟ ಬಂತು.

ಸ್ಟೋರಿಗೆ ಈಗ ಎರಡು ಬೀಗ. ಒಂದರ ಕೈ ನನ್ನ ಹತ್ತಿರ, ಒಂದರದ್ದು ತಂಗಿಯ ಹತ್ತಿರ. ತಂಗಿ ಅಂದರೆ ಮೌನಗೌರಿ, ಆ ಅಡ್ಡಹೆಸರಲ್ಲಿ ಕರೆಯುವುದು ಚೆನ್ನಾಗಿರಲ್ಲ ಅಂತ ಬಿಟ್ಟಿದ್ದೇನೆ. ಪೆಟ್ಟಿಗೆಯ ಸಾಮಾನೆಲ್ಲ ಕೆಳಗಿಳಿದು ಸಾಲಿಗೆ ಸೇರಿದೆ. ಪ್ರತಿ ಸಾಲಿಗೂ ಪಟ್ಟಿ ಬರೆಯಬೇಕು ಅಂದಳು. ನನ್ನ ಅಕ್ಷರ ದುಂಡಗಿದೆ, ನಾನೇ ಬರೆಯುತ್ತೇನೆ ಅಂದೆ. ಅವಳದ್ದು ಕೋಳಿ ಕಾಲು.

ಜೂನ್ ೨೧, ಶುಕ್ರವಾರ

ಒಂದನೇ ಯಂತ್ರದ ಸಣ್ಣ ಬೇರಿಂಗು ಹೋಯಿತು. ಫಿಟ್ಟರು ಓಡಿ ಬಂದು, ಹಳೇ ಅಭ್ಯಾಸ ನೋಡಿ, "ಮಾವ, ಏನಾದ್ರೂ ಮಾಡಿ!" ಅಂದ.

ನಾನು ಗೋಡೆಯ ಮೇಲಿನ ಪಟ್ಟಿ ತೋರಿಸಿದೆ. ಓದಿದ. ಮೂರನೇ ಸಾಲಿಗೆ ಹೋದ. ತಗೊಂಡ. ಇಬ್ಬರ ಸಹಿ ಹಾಕಿಸಿಕೊಂಡ. ಎರಡು ನಿಮಿಷ. ಹೋಗುವಾಗ ಏನೋ ಕಳೆದುಕೊಂಡವನ ಹಾಗೆ ತಿರುಗಿ ನೋಡಿದ.

"ಇಷ್ಟೇನಾ ಮಾವ? ಬೆವರು ಗಿವರು ಏನೂ ಇಲ್ವಾ?"

"ಇಷ್ಟೇ ಕಣಯ್ಯಾ, ಹೋಗು. ಯಂತ್ರ ಕಾಯ್ತಿದೆ."

ಯಾರೂ ಹೊಗಳಲಿಲ್ಲ. ಸಾಹೇಬರು ಆ ಕಡೆಯಿಂದ ಹೋದರೂ ಒಳಗೆ ಇಣುಕಲೂ ಇಲ್ಲ. ಇಣುಕಬೇಕಿತ್ತು. ಅಂಥ ಪಟ್ಟಿಯನ್ನು ಅವರ ಸಮುದ್ರದ ಆಚೆಯೂ ಯಾರೂ ಬರೆದಿರಲಿಕ್ಕಿಲ್ಲ.

ಸಂಜೆ ಹೊರಡುವ ಮೊದಲು ಅಕ್ಕನ ಮಗಳ ಮೇಜಿನ ಮೇಲೆ ಅರ್ಜಿ ಇಟ್ಟೆ. ಓದಿ ಕಣ್ಣು ಅಗಲ ಮಾಡಿದಳು.

"ಮಾವ, ಮುಂದಿನ ವರ್ಷದ ರಜೆಗೆ ಈಗಲೇ ಅರ್ಜಿನಾ? ನಿಮಗೆ ಹುಷಾರಿದೆ ತಾನೇ?"

ಇವಳಿಗೆ ಏನು ಗೊತ್ತು. ನಾನಿಲ್ಲದಿದ್ದರೂ ನನ್ನ ಸ್ಟೋರು ಎಷ್ಟು ಚೆನ್ನಾಗಿ ನಡೆಯುತ್ತದೆ ಅಂತ ಎಲ್ಲರಿಗೂ ತೋರಿಸಬೇಡವೇ? ಅಂಥ ಸ್ಟೋರು ಮಾಡಿಡುವುದು ನನ್ನೊಬ್ಬನಿಂದ ಮಾತ್ರ ಸಾಧ್ಯ.